ಓದುಗರ ಪ್ರಶ್ನೆಗೆ ಉತ್ತರ: ಅಂಗಡಿಯ ಫ್ರೀಜರಿಗೆ ಯಾವ ಗ್ಯಾಸ್ ಒಳ್ಳೆಯದು?

ಅಂಗಡಿಗಳ ಡೀಪ್ ಫ್ರೀಜರ್, ಸೂಪರ್ ಮಾರ್ಕೆಟ್‌ಗಳ ತಂಪು ಕಪಾಟು ಮತ್ತು ಕೋಲ್ಡ್ ಸ್ಟೋರೇಜ್‌ಗಳಲ್ಲಿ ಬಳಸುವ ಶೀತಕ ಅನಿಲಗಳ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿ ಈ ಸಲ ಉತ್ತರಿಸಲಾಗಿದೆ. ಒಂದೇ ವಿಷಯ ಕೇಳಿದ ಪತ್ರಗಳನ್ನು ಒಟ್ಟುಗೂಡಿಸಿದ್ದೇವೆ.

ಪ್ರಶ್ನೆ: ನಮ್ಮ ಸೂಪರ್ ಮಾರ್ಕೆಟ್‌ನ ತಂಪು ಕಪಾಟುಗಳೆಲ್ಲ ಒಂದೇ ಕಂಪ್ರೆಸರ್ ಕೋಣೆಗೆ ಜೋಡಣೆಯಾಗಿದ್ದು, ಆರ್-404ಎ ಗ್ಯಾಸಿನಿಂದ ನಡೆಯುತ್ತಿವೆ. ಇದು ಓಝೋನ್ ಪದರಕ್ಕೆ ಹಾನಿ ಮಾಡುವುದಿಲ್ಲ ಎಂದು ಯಂತ್ರ ಕೊಳ್ಳುವಾಗ ಹೇಳಿದ್ದರು. ಈಗ ಸರ್ವಿಸ್‌ಗೆ ಬರುವವರು ಇದೂ ಪರಿಸರಕ್ಕೆ ಕೆಟ್ಟದ್ದು, ಮುಂದೆ ಸಿಗುವುದೂ ಕಷ್ಟ ಎನ್ನುತ್ತಾರೆ. ಯಾರನ್ನು ನಂಬಬೇಕು?

ಉತ್ತರ: ಇಬ್ಬರು ಹೇಳಿದ್ದೂ ನಿಜ. 1928ರಲ್ಲಿ ಥಾಮಸ್ ಮಿಡ್ಜ್‌ಲಿ ಮತ್ತು ಅವರ ಸಂಗಡಿಗರು ಕ್ಲೋರೋಫ್ಲೋರೋಕಾರ್ಬನ್‌ಗಳನ್ನು ಶೀತಕವಾಗಿ ಬಳಸುವ ದಾರಿ ತೋರಿಸಿದಾಗ, ಅದುವರೆಗೆ ಬಳಕೆಯಲ್ಲಿದ್ದ ಅಮೋನಿಯಾ, ಸಲ್ಫರ್ ಡೈಆಕ್ಸೈಡ್, ಮೀಥೈಲ್ ಕ್ಲೋರೈಡ್‌ಗಳ ವಿಷದ ಭಯ ತಪ್ಪಿತೆಂದು ಎಲ್ಲರೂ ಸಮಾಧಾನಪಟ್ಟರು. ಆ ಅನಿಲಗಳಲ್ಲಿರುವ ಕ್ಲೋರಿನ್ ಓಝೋನ್ ಪದರವನ್ನು ಕರಗಿಸಬಲ್ಲದೆಂದು 1974ರಲ್ಲಿ ಮಾರಿಯೋ ಮೊಲಿನಾ ಮತ್ತು ಶೆರ್‌ವುಡ್ ರೋಲೆಂಡ್ ತಿಳಿಸಿದರು. 1985ರಲ್ಲಿ ಅಂಟಾರ್ಕ್ಟಿಕಾದ ಮೇಲಣ ಓಝೋನ್ ರಂಧ್ರ ವರದಿಯಾಯಿತು, 1987ರಲ್ಲಿ ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿ ಬಿತ್ತು. ಆ ಬಳಿಕ ಬಂದ ಆರ್-134ಎ, ಆರ್-404ಎ ಮೊದಲಾದ ಹೈಡ್ರೋಫ್ಲೋರೋಕಾರ್ಬನ್‌ಗಳಲ್ಲಿ ಕ್ಲೋರಿನ್ ಇಲ್ಲ. ನಿಮಗೆ ಯಂತ್ರ ಮಾರಿದವರು ಹೇಳಿದ್ದು ಇಷ್ಟನ್ನೇ.

ಅವರು ಹೇಳದೆ ಬಿಟ್ಟದ್ದು ಶಾಖದ ವಿಚಾರ. ಒಂದು ಅನಿಲ 100 ವರ್ಷಗಳಲ್ಲಿ ವಾತಾವರಣದಲ್ಲಿ ಹಿಡಿದಿಡುವ ಶಾಖವನ್ನು ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿನೊಡನೆ ಹೋಲಿಸಿ ವಿಜ್ಞಾನಿಗಳು ಅದಕ್ಕೊಂದು ತಾಪನ ಸೂಚ್ಯಂಕ ಕೊಡುತ್ತಾರೆ. ಆರ್-134ಎಗೆ ಅದು 1430, ನಿಮ್ಮ ಆರ್-404ಎಗೆ 3922. ಅಂದರೆ ಒಂದು ಕಿಲೋಗ್ರಾಂ ಆರ್-404ಎ ಸೋರಿದರೆ ಸುಮಾರು 4 ಟನ್ ಇಂಗಾಲದ ಡೈಆಕ್ಸೈಡ್ ಬಿಟ್ಟಷ್ಟೇ ಪರಿಣಾಮವಾಗುತ್ತದೆ. ಈ ಕಾರಣಕ್ಕೆ 2016ರಲ್ಲಿ ಕಿಗಾಲಿಯಲ್ಲಿ ಸೇರಿದ ದೇಶಗಳು ಮಾಂಟ್ರಿಯಲ್ ಒಪ್ಪಂದಕ್ಕೆ ತಿದ್ದುಪಡಿ ತಂದು ಹೈಡ್ರೋಫ್ಲೋರೋಕಾರ್ಬನ್‌ಗಳ ಉತ್ಪಾದನೆ ಮತ್ತು ಬಳಕೆಯನ್ನು ಹಂತಹಂತವಾಗಿ ಇಳಿಸಲು ಒಪ್ಪಿದವು. ತಿದ್ದುಪಡಿ 2019ರ ಜನವರಿ 1ರಿಂದ ಜಾರಿಯಲ್ಲಿದೆ. ಇದು ಒಮ್ಮೆಗೇ ಹೇರಿದ ನಿಷೇಧವಲ್ಲ. ಆದರೆ ಮಿತಿಯನ್ನು ಲೆಕ್ಕ ಹಾಕುವುದು ಅನಿಲದ ತೂಕದಿಂದಲ್ಲ, ಇಂಗಾಲದ ಡೈಆಕ್ಸೈಡಿಗೆ ಸಮನಾದ ಪ್ರಮಾಣದಿಂದ. ಹಾಗಾಗಿ ಒಂದು ಕಿಲೋಗ್ರಾಂ ಆರ್-404ಎ ತಯಾರಿಸಿದರೆ ಸುಮಾರು 2.7 ಕಿಲೋಗ್ರಾಂ ಆರ್-134ಎಗೆ ಸಲ್ಲುವಷ್ಟು ಪಾಲು ಮುಗಿದುಹೋಗುತ್ತದೆ. ಮಿತಿ ಬಿಗಿಯಾದಂತೆ ತಯಾರಕರು ಮೊದಲು ಕೈಬಿಡುವುದು ಇಂಥ ಅನಿಲವನ್ನೇ. ಸರ್ವಿಸ್‌ನವರು ಹೇಳುವ ಅಭಾವದ ಮೂಲ ಇಲ್ಲಿದೆ.

ಹಾಗೆಂದು ನಾಳೆಯೇ ಯಂತ್ರ ಕಿತ್ತೊಗೆಯಬೇಕಿಲ್ಲ. ಮೊದಲು ಕಳೆದ ವರ್ಷ ಎಷ್ಟು ಕಿಲೋಗ್ರಾಂ ಗ್ಯಾಸ್ ತುಂಬಿಸಿದ್ದೀರಿ ಎಂಬುದನ್ನು ಬಿಲ್ಲುಗಳಿಂದ ಲೆಕ್ಕ ಮಾಡಿ. ಸೂಪರ್ ಮಾರ್ಕೆಟ್‌ಗಳ ಉದ್ದನೆಯ ಪೈಪುಗಳುಳ್ಳ ವ್ಯವಸ್ಥೆ ವರ್ಷಕ್ಕೆ ತನ್ನ ಒಟ್ಟು ಗ್ಯಾಸಿನ ಕಾಲು ಭಾಗದಷ್ಟನ್ನು ಸರಾಸರಿ ಸೋರಿಸುತ್ತದೆ ಎಂಬುದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಅಂದಾಜು. 200 ಕಿಲೋಗ್ರಾಂ ತುಂಬಿದ ವ್ಯವಸ್ಥೆಯಾದರೆ ಅದು 50 ಕಿಲೋಗ್ರಾಂ, ಅಂದರೆ 196 ಟನ್ ಇಂಗಾಲದ ಡೈಆಕ್ಸೈಡಿಗೆ ಸಮ. ಇಷ್ಟು ಸೋರಿದರೂ ತಿಂಗಳುಗಟ್ಟಲೆ ಯಾರ ಗಮನಕ್ಕೂ ಬಾರದಿರುವುದಕ್ಕೆ ಕಾರಣವುಂಟು: ದ್ರವವನ್ನು ಶೇಖರಿಸುವ ರಿಸೀವರ್ ಟ್ಯಾಂಕಿನಲ್ಲಿ ಹೆಚ್ಚುವರಿ ಗ್ಯಾಸ್ ಇರುವ ತನಕ ತಂಪು ಕಡಿಮೆಯಾಗುವುದಿಲ್ಲ. ಸೋರಿಕೆ ಹುಡುಕದೆ ಬರೀ ಗ್ಯಾಸ್ ತುಂಬಿಸುತ್ತ ಹೋಗುವುದು ತೂತಿನ ಕೊಡಕ್ಕೆ ನೀರು ಹೊತ್ತ ಹಾಗೆ. ಪೈಪುಗಳನ್ನು ಜೋಡಿಸುವ ಫ್ಲೇರ್ ನಟ್‌ಗಳು, ಮುಚ್ಚಳ ಕಳೆದುಕೊಂಡ ಸರ್ವಿಸ್ ವಾಲ್ವ್‌ಗಳು, ಕಂಪ್ರೆಸರ್ ನಡುಗುವಾಗ ಒಂದಕ್ಕೊಂದು ಉಜ್ಜಿಕೊಳ್ಳುವ ಪೈಪುಗಳು — ಸಾಮಾನ್ಯವಾಗಿ ಸೋರುವುದು ಇಲ್ಲೇ. ಗ್ಯಾಸಿನೊಂದಿಗೆ ಎಣ್ಣೆಯೂ ಜಿನುಗುವುದರಿಂದ, ಜೋಡಣೆಯ ಸುತ್ತ ಧೂಳು ಮೆತ್ತಿಕೊಂಡ ಜಿಡ್ಡಿನ ಕಪ್ಪು ಕಲೆ ಕಂಡರೆ ಸೋರಿಕೆ ಪತ್ತೆ ಮಾಡುವ ಉಪಕರಣ ಬರುವ ಮುನ್ನವೇ ಅರ್ಧ ಉತ್ತರ ಸಿಕ್ಕಂತೆ.

ಪ್ರಶ್ನೆ: ಹೊಸದಾಗಿ ಕೊಂಡ ಬಾಟಲಿ ಕೂಲರ್‌ನ ಹಿಂಬದಿಯಲ್ಲಿ ಆರ್-290 ಎಂದೂ ಪಕ್ಕದಲ್ಲಿ ಹಳದಿ ತ್ರಿಕೋನದೊಳಗೆ ಬೆಂಕಿಯ ಗುರುತೂ ಇದೆ. ವಿಚಾರಿಸಿದಾಗ ಒಳಗಿರುವುದು ಪ್ರೊಪೇನ್ ಎಂದು ತಿಳಿಯಿತು. ಗಿರಾಕಿಗಳು ಓಡಾಡುವ ಜಾಗದಲ್ಲಿ ಇದನ್ನು ಇಡುವುದು ಅಪಾಯವಲ್ಲವೇ?

ಉತ್ತರ: ಪ್ರೊಪೇನ್ ಸುಲಭವಾಗಿ ಹೊತ್ತಿಕೊಳ್ಳುವ ಅನಿಲವೆಂಬುದರಲ್ಲಿ ಸಂಶಯವಿಲ್ಲ. ಆದರೆ ಅಪಾಯವನ್ನು ತೀರ್ಮಾನಿಸುವುದು ಅನಿಲದ ಹೆಸರಲ್ಲ, ಪ್ರಮಾಣ. ಗಾಳಿಯಲ್ಲಿ ಪ್ರೊಪೇನ್ ಶೇಕಡಾ 2.1ಕ್ಕಿಂತ ಕಡಿಮೆಯಿದ್ದರೆ, ಅಂದರೆ ಪ್ರತಿ ಘನ ಮೀಟರಿಗೆ ಸುಮಾರು 38 ಗ್ರಾಂ ತಲುಪದಿದ್ದರೆ, ಕಿಡಿ ತಗುಲಿದರೂ ಹೊತ್ತಿಕೊಳ್ಳದು. 150 ಗ್ರಾಂ ಪ್ರೊಪೇನ್ ಇರುವ ಕೂಲರ್ 20 ಘನ ಮೀಟರ್‌ನ ಪುಟ್ಟ ಕೋಣೆಯಲ್ಲಿ ಪೂರ್ತಿ ಸೋರಿ ಗಾಳಿಯಲ್ಲಿ ಬೆರೆತರೂ ಘನ ಮೀಟರಿಗೆ 7.5 ಗ್ರಾಂ ಆದೀತು. ಹೊತ್ತಿಕೊಳ್ಳುವ ಮಟ್ಟದ ಐದನೇ ಒಂದು ಪಾಲು. ಅಂಗಡಿಯ ಶೀತಲ ಕಪಾಟುಗಳಿಗೆ ಸಂಬಂಧಿಸಿದ ಅಂತರರಾಷ್ಟ್ರೀಯ ಸುರಕ್ಷತಾ ಮಾನದಂಡ ಬಹಳ ವರ್ಷ 150 ಗ್ರಾಂ ಮಿತಿಯನ್ನೇ ಇಟ್ಟುಕೊಂಡಿತ್ತು. ಯಂತ್ರದ ವಿನ್ಯಾಸಕ್ಕೆ ಹೆಚ್ಚುವರಿ ಷರತ್ತುಗಳನ್ನು ಸೇರಿಸಿ 2019ರಲ್ಲಿ ಅದನ್ನು ಸುಮಾರು 500 ಗ್ರಾಂಗೆ ಏರಿಸಲಾಯಿತು.

‘ಬೆರೆತರೆ’ ಎಂಬ ಷರತ್ತನ್ನು ಮಾತ್ರ ಮರೆಯಬಾರದು. ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರವಾದ್ದರಿಂದ ಸೋರಿದ ಕೂಡಲೇ ನೆಲಮಟ್ಟದಲ್ಲಿ ಹರಡಿ, ತಗ್ಗಿದ್ದಲ್ಲಿ ನಿಲ್ಲುತ್ತದೆ. ಕೂಲರನ್ನು ಗುಂಡಿಯಂತಹ ಜಾಗದಲ್ಲಿ ಅಥವಾ ಗಾಳಿಯಾಡದ ನೆಲಮಾಳಿಗೆಯ ಮೂಲೆಯಲ್ಲಿ ಇಡಬೇಡಿ, ಗಾಳಿಕಿಂಡಿಗಳಿಗೆ ರಟ್ಟಿನ ಪೆಟ್ಟಿಗೆ ಒತ್ತರಿಸಬೇಡಿ, ಐಸ್ ಕೆರೆಯಲು ಚಾಕು ಬಳಸಬೇಡಿ. ಕೊನೆಯದನ್ನು ಒತ್ತಿ ಹೇಳುತ್ತಿದ್ದೇನೆ. ಕೂಲಿಂಗ್ ಕಾಯಿಲ್ ತೂತಾಗುವುದು ಹೆಚ್ಚಾಗಿ ಈ ಚಾಕುವಿನಿಂದಲೇ.

ಲಾಭದ ಕಡೆ ನೋಡಿದರೆ ಪ್ರೊಪೇನಿನ ತಾಪನ ಸೂಚ್ಯಂಕ ಸುಮಾರು 3 ಮಾತ್ರ. ದ್ರವರೂಪದಲ್ಲಿ ಅದು ಹಗುರವಾದ್ದರಿಂದ ಅದೇ ಕೆಲಸಕ್ಕೆ ಆರ್-404ಎಯ ಅರ್ಧದಷ್ಟು ತೂಕ ಸಾಕಾಗುತ್ತದೆ. ಕಂಪ್ರೆಸರಿನಿಂದ ಹೊರಬರುವ ಗ್ಯಾಸಿನ ಬಿಸಿಯೂ ಹೆಚ್ಚಿರದ ಕಾರಣ ಚೆನ್ನಾಗಿ ವಿನ್ಯಾಸಗೊಳಿಸಿದ ಯಂತ್ರ ವಿದ್ಯುತ್ತನ್ನೂ ಉಳಿಸುತ್ತದೆ. ಸ್ವಯಂಪೂರ್ಣ ಸಣ್ಣ ಕಪಾಟುಗಳ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಆಯ್ಕೆ ಸದ್ಯಕ್ಕೆ ನನಗೆ ಕಾಣುತ್ತಿಲ್ಲ.

ಪ್ರಶ್ನೆ: ನಾನು ಫ್ರಿಜ್ ರಿಪೇರಿ ಮಾಡುವವನು. ಆರ್-404ಎ ತುಟ್ಟಿಯಾದ್ದರಿಂದ ಹಳೆಯ ಡೀಪ್ ಫ್ರೀಜರುಗಳಿಗೆ ಪ್ರೊಪೇನ್ ತುಂಬಿಕೊಡಿ ಎಂದು ಗಿರಾಕಿಗಳು ಕೇಳುತ್ತಾರೆ. ಅಡುಗೆ ಗ್ಯಾಸನ್ನೇ ತುಂಬಿ ನಡೆಸುವವರನ್ನೂ ನೋಡಿದ್ದೇನೆ. ಮಾಡಬಹುದೇ?

ಉತ್ತರ: ಬೇಡ. ಪ್ರೊಪೇನಿಗೆಂದೇ ತಯಾರಾದ ಯಂತ್ರದಲ್ಲಿ ಥರ್ಮೋಸ್ಟಾಟ್, ರಿಲೇ, ಫ್ಯಾನ್ ಮೋಟಾರ್ ಎಲ್ಲವೂ ಕಿಡಿ ಹೊರಬೀಳದಂಥವು, ಇಲ್ಲವೇ ಸೋರಿದ ಗ್ಯಾಸ್ ತಲುಪದ ಜಾಗದಲ್ಲಿ ಕೂರಿಸಿದಂಥವು. ಹಳೆಯ ಫ್ರೀಜರಿನಲ್ಲಿ ರಿಲೇ ಕಂಪ್ರೆಸರಿನ ಮಗ್ಗುಲಲ್ಲೇ, ನೆಲಕ್ಕೆ ಗೇಣುದ್ದ ಮೇಲೆ ಇರುತ್ತದೆ. ಸೋರಿದ ಪ್ರೊಪೇನ್ ಬಂದು ನಿಲ್ಲುವುದೂ ಅಲ್ಲಿಯೇ. ಅಡುಗೆ ಗ್ಯಾಸಂತೂ ಶುದ್ಧ ಪ್ರೊಪೇನ್ ಅಲ್ಲ. ಅದರಲ್ಲಿ ಬ್ಯೂಟೇನ್ ಬೆರೆತಿರುತ್ತದೆ, ಸೋರಿದ್ದು ತಿಳಿಯಲೆಂದು ಸೇರಿಸಿದ ಗಂಧಕಯುಕ್ತ ವಾಸನೆಯ ವಸ್ತು ಇರುತ್ತದೆ, ತೇವಾಂಶವೂ ಇರಬಹುದು. ಒತ್ತಡ ಲೆಕ್ಕಕ್ಕೆ ಸಿಗುವುದಿಲ್ಲ, ಗ್ಯಾಸಿನ ಒತ್ತಡ ಇಳಿಸುವ ಕೂದಲೆಳೆಯಂಥ ಕ್ಯಾಪಿಲರಿ ನಳಿಕೆ ಕಟ್ಟಿಕೊಳ್ಳುತ್ತದೆ. ಅದಕ್ಕಿಂತ ದೊಡ್ಡ ಅಪಾಯವೆಂದರೆ, ಲೇಬಲ್ ನೋಡಿ ಆರ್-404ಎ ಎಂದೇ ನಂಬಿದ ಮುಂದಿನ ಮೆಕ್ಯಾನಿಕ್ ಬ್ರೇಜಿಂಗ್ ಟಾರ್ಚ್ ಹಿಡಿದು ಆ ಪೈಪಿನ ಮುಂದೆ ಕೂರುತ್ತಾನೆ.

ಅಗ್ಗದ ಸಿಲಿಂಡರುಗಳ ಬಗ್ಗೆಯೂ ಎಚ್ಚರವಿರಲಿ. 2011ರಲ್ಲಿ ಹಡಗುಗಳಲ್ಲಿ ಸಾಗಿಸುವ ಶೀತಲ ಕಂಟೇನರುಗಳಿಗೆ ಆರ್-134ಎ ಎಂದು ನಕಲಿ ಗ್ಯಾಸ್ ತುಂಬಿದ್ದರಿಂದ ಸ್ಫೋಟಗಳಾಗಿ 3 ಕೆಲಸಗಾರರು ಪ್ರಾಣ ಕಳೆದುಕೊಂಡರು. ಅದರಲ್ಲಿದ್ದ ಮೀಥೈಲ್ ಕ್ಲೋರೈಡ್ ಯಂತ್ರದೊಳಗಿನ ಅಲ್ಯುಮಿನಿಯಂ ಜೊತೆ ವರ್ತಿಸಿ, ಗಾಳಿ ಸೋಕಿದರೆ ತಾನಾಗಿ ಉರಿಯುವ ಸಂಯುಕ್ತವನ್ನು ಉಂಟುಮಾಡುತ್ತದೆ.

ಪ್ರೊಪೇನಿಗೆಂದೇ ತಯಾರಾದ ಯಂತ್ರ ರಿಪೇರಿಗೆ ಬಂದರೆ ಮೊದಲು ತರಬೇತಿ ಪಡೆಯಿರಿ. ಗ್ಯಾಸ್ ತೆಗೆದ ಮೇಲೆ ನೈಟ್ರೋಜನ್ ಹಾಯಿಸಿ ಒಳಗನ್ನು ತೊಳೆಯಿರಿ, ಪೈಪನ್ನು ಟಾರ್ಚಿನಿಂದ ಬಿಚ್ಚದೆ ಕಟ್ಟರಿನಿಂದ ಕತ್ತರಿಸಿ, ಲೇಬಲ್ಲಿನಲ್ಲಿರುವ ತೂಕವನ್ನು ತಕ್ಕಡಿಯಲ್ಲಿ ನೋಡಿಯೇ ತುಂಬಿ. 100 ಗ್ರಾಂ ಹಿಡಿಯುವ ಯಂತ್ರದಲ್ಲಿ 10 ಗ್ರಾಂ ಹೆಚ್ಚುಕಡಿಮೆಯಾದರೂ ತಂಪಿನಲ್ಲಿ ಗೊತ್ತಾಗುತ್ತದೆ. ಗೇಜ್ ಮುಳ್ಳು ನೋಡಿ ಅಂದಾಜಿನಲ್ಲಿ ತುಂಬುವ ಅಭ್ಯಾಸ ಇಲ್ಲಿ ನಡೆಯದು.

ಪ್ರಶ್ನೆ: ಯಂತ್ರ ಬದಲಿಸದೆ ಆರ್-404ಎ ಜಾಗದಲ್ಲಿ ತುಂಬಬಹುದಾದ ಗ್ಯಾಸ್ ಯಾವುದೂ ಇಲ್ಲವೇ?

ಉತ್ತರ: ಆರ್-448ಎ ಮತ್ತು ಆರ್-449ಎ ಎಂಬ ಮಿಶ್ರಣಗಳಿವೆ. ಹೊತ್ತಿಕೊಳ್ಳುವುದಿಲ್ಲ, ತಾಪನ ಸೂಚ್ಯಂಕ 1400ರ ಆಸುಪಾಸು, ಕಂಪ್ರೆಸರಿನಲ್ಲಿರುವ ಪಾಲಿಯೋಲ್ ಎಸ್ಟರ್ ಎಣ್ಣೆಯನ್ನೂ ಬದಲಿಸಬೇಕಿಲ್ಲ. ಆದರೆ ತುಂಬಿ ಹೊರಟುಹೋಗುವಷ್ಟು ಸುಲಭವೂ ಅಲ್ಲ. ಈ ಮಿಶ್ರಣಗಳು ಒಂದೇ ಉಷ್ಣತೆಯಲ್ಲಿ ಕುದಿಯುವುದಿಲ್ಲ. ಕುದಿ ಶುರುವಾಗುವ ಮತ್ತು ಮುಗಿಯುವ ಹಂತಗಳ ನಡುವೆ ಸುಮಾರು 5 ಡಿಗ್ರಿ ಅಂತರವಿರುತ್ತದೆ. ಹಾಗಾಗಿ ದ್ರವದ ಒತ್ತಡ ಇಳಿಸುವ ಎಕ್ಸ್‌ಪಾನ್ಷನ್ ವಾಲ್ವನ್ನು ಮತ್ತೆ ಹೊಂದಿಸಬೇಕು, ಸಿಲಿಂಡರಿನಿಂದ ದ್ರವವಾಗಿಯೇ ತುಂಬಬೇಕು. ಫ್ರೀಜರುಗಳ ಮಟ್ಟಕ್ಕೆ ಇಳಿದಾಗ ಕಂಪ್ರೆಸರ್ ಹೆಚ್ಚು ಬಿಸಿಯಾಗುವುದರಿಂದ ಅದನ್ನು ತಣಿಸುವ ಏರ್ಪಾಡೂ ಬೇಕಾಗಬಹುದು. ಯಂತ್ರಕ್ಕೆ ಇನ್ನೂ ಆರೇಳು ವರ್ಷ ಆಯುಷ್ಯವಿದ್ದರೆ ಇದು ಸರಿಯಾದ ದಾರಿ. ಹೊಸ ಯಂತ್ರವನ್ನೇ ಇದಕ್ಕಾಗಿ ಕೊಳ್ಳುವುದು ಮಾತ್ರ ಹಿನ್ನೋಟದ ಖರೀದಿ.

ಪ್ರಶ್ನೆ: ಭೂಮಿ ಬಿಸಿಯಾಗುತ್ತಿರುವುದೇ ಇಂಗಾಲದ ಡೈಆಕ್ಸೈಡಿನಿಂದ ಎನ್ನುತ್ತಾರೆ, ಅದನ್ನೇ ಪರಿಸರಸ್ನೇಹಿ ಶೀತಕವೆಂದೂ ಹೊಗಳುತ್ತಾರೆ. ಇದು ಹೇಗೆ? ಬಿಸಿಲಿನ ಪ್ರದೇಶಗಳಲ್ಲಿ ಅದು ನಡೆಯುವುದಿಲ್ಲವೆಂಬ ಮಾತೂ ಇದೆ.

ಉತ್ತರ: ಶೀತಕವಾಗಿ ಬಳಸುವ ಇಂಗಾಲದ ಡೈಆಕ್ಸೈಡನ್ನು, ಅಂದರೆ ಆರ್-744 ಅನ್ನು, ಅದಕ್ಕೆಂದೇ ಇಂಧನ ಸುಟ್ಟು ತಯಾರಿಸುವುದಿಲ್ಲ. ಬೇರೆ ಕೈಗಾರಿಕೆಗಳಿಂದ ಹೇಗೂ ಹೊರಬರುವುದನ್ನು ಶುದ್ಧೀಕರಿಸಿ ಬಳಸುತ್ತಾರೆ. ಅದರ ತಾಪನ ಸೂಚ್ಯಂಕ 1. ಮೇಲೆ ಹೇಳಿದ ಸೂಪರ್ ಮಾರ್ಕೆಟ್ಟಿನ ಲೆಕ್ಕವನ್ನೇ ತೆಗೆದುಕೊಂಡರೆ 50 ಕಿಲೋಗ್ರಾಂ ಸೋರಿದಾಗ ಆಗುವ ಪರಿಣಾಮ 196 ಟನ್ನಿಗಲ್ಲ, 50 ಕಿಲೋಗ್ರಾಮಿಗೆ ಸಮ. ಇದು ಹೊಸ ಶೋಧನೆಯೂ ಅಲ್ಲ. 20ನೇ ಶತಮಾನದ ಮೊದಲ ದಶಕಗಳಲ್ಲಿ ಹಡಗುಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದ್ದು, ಆಮೇಲೆ ಮೂಲೆಗುಂಪಾದದ್ದನ್ನು 1980ರ ದಶಕದ ಕೊನೆಯಲ್ಲಿ ನಾರ್ವೆಯ ಗುಸ್ತಾವ್ ಲೊರೆಂಟ್ಸನ್ ಮತ್ತೆ ಮುನ್ನೆಲೆಗೆ ತಂದರು.

ತೊಡಕು ಅದರ ಭೌತಿಕ ಸ್ವಭಾವದಲ್ಲಿದೆ. ಇಂಗಾಲದ ಡೈಆಕ್ಸೈಡಿನ ಕ್ರಾಂತಿಕ ಉಷ್ಣತೆ 31 ಡಿಗ್ರಿ ಸೆಲ್ಸಿಯಸ್, ಒತ್ತಡ ಸುಮಾರು 74 ಬಾರ್ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡ). ಆ ಉಷ್ಣತೆ ಮೀರಿದ ಮೇಲೆ ಎಷ್ಟು ಒತ್ತಿದರೂ ಅದು ದ್ರವವಾಗುವುದಿಲ್ಲ. ಹೊರಗಿನ ಗಾಳಿಯೇ 35 ಡಿಗ್ರಿ ಇದ್ದಾಗ ಕಂಡೆನ್ಸರ್ ತನ್ನ ಹೆಸರಿನ ಕೆಲಸವನ್ನು ಮಾಡಲಾರದು, ಬರೀ ಅನಿಲವನ್ನು ತಣಿಸುವ ಕೂಲರ್ ಆಗುತ್ತದೆ. ಅಲ್ಲಿನ ಒತ್ತಡ 90ರಿಂದ 120 ಬಾರ್ ತನಕ ಏರುತ್ತದೆ. ಆರ್-404ಎ ಯಂತ್ರಗಳಲ್ಲಿ ಇದು 20 ಬಾರ್ ಆಸುಪಾಸಿನಲ್ಲಿರುತ್ತದೆ. ಆಮೇಲೆ ವಾಲ್ವಿನ ಮೂಲಕ ಒತ್ತಡ ಇಳಿಸಿದಾಗ ಗಣನೀಯ ಭಾಗ ತಂಪು ಕೊಡದ ಆವಿಯಾಗಿಬಿಡುತ್ತದೆ. ಆ ಆವಿಯನ್ನೆಲ್ಲ ಮತ್ತೆ ತಳಮಟ್ಟದಿಂದ ಒತ್ತುವುದಕ್ಕೆ ವಿದ್ಯುತ್ ಖರ್ಚಾಗುತ್ತದೆ. ಬಿಸಿಲಿಗೆ ಒಗ್ಗದು ಎಂಬ ಮಾತು ಹುಟ್ಟಿದ್ದು ಇದರಿಂದ.

ಆ ಮಾತು ಆರಂಭದ ಯಂತ್ರಗಳಿಗೆ ಸರಿಯಾಗಿ ಅನ್ವಯಿಸುತ್ತಿತ್ತು. ಈಗ ಆ ಆವಿಯನ್ನು ನಡುವಿನ ಒತ್ತಡದಲ್ಲೇ ಹಿಡಿದು ಪ್ರತ್ಯೇಕ ಕಂಪ್ರೆಸರಿನಿಂದ ಮೇಲೆತ್ತುವ ಏರ್ಪಾಡಿದೆ. ಹೆಚ್ಚಿನ ಒತ್ತಡದಿಂದ ಇಳಿಯುವ ಅನಿಲದ ರಭಸವನ್ನೇ ಬಳಸಿ ಕೆಳಗಿನ ಆವಿಯನ್ನು ಸೆಳೆದು ಮೇಲೇರಿಸುವ ಎಜೆಕ್ಟರ್ ಬಂದಿದೆ. ಒಣಹವೆ ಇದ್ದಲ್ಲಿ ಒದ್ದೆ ಪ್ಯಾಡುಗಳ ಮೂಲಕ ಗಾಳಿ ಹಾಯಿಸಿ ಕೂಲರನ್ನು ತಣಿಸಬಹುದು. ಇವೆಲ್ಲ ಸೇರಿ ವಿದ್ಯುತ್ತಿನ ನಷ್ಟವನ್ನು ಬಹಳಷ್ಟು ತಗ್ಗಿಸುತ್ತವೆ. ಜೊತೆಗೆ ಕಂಪ್ರೆಸರಿನಿಂದ ಹೊರಬರುವ ಅನಿಲ ತುಂಬ ಬಿಸಿಯಿರುವುದರಿಂದ ಅದರಿಂದಲೇ 60 ಡಿಗ್ರಿಯ ನೀರು ಕಾಯಿಸಿಕೊಳ್ಳಬಹುದು. ಬಿಸಿನೀರಿನ ಅಗತ್ಯವಿರುವ ಕಟ್ಟಡಕ್ಕೆ ಇದು ಸಣ್ಣ ಉಳಿತಾಯವೇನಲ್ಲ.

ಕೊಳ್ಳುವವರು ಕೇಳಲು ಮರೆಯುವ ಪ್ರಶ್ನೆಯೊಂದಿದೆ: ಕರೆಂಟ್ ಹೋದರೆ ಏನಾಗುತ್ತದೆ? ನಿಂತ ವ್ಯವಸ್ಥೆಯೊಳಗಿನ ದ್ರವ 25 ಡಿಗ್ರಿಗೆ ಬಂದರೆ ಒತ್ತಡ 64 ಬಾರ್ ಆಗುತ್ತದೆ. ಕಡಿಮೆ ಒತ್ತಡಕ್ಕೆಂದು ಹಾಕಿದ ಭಾಗಗಳು ಅದನ್ನು ತಡೆಯಲಾರವು. ಸುರಕ್ಷತಾ ವಾಲ್ವ್ ತೆರೆದು ಗ್ಯಾಸ್ ಹೊರಹೋಗುತ್ತದೆ. ಇದನ್ನು ತಪ್ಪಿಸಲು ಜನರೇಟರಿನಿಂದ ನಡೆಯುವ ಪುಟ್ಟದೊಂದು ತಣಿಸುವ ಘಟಕವನ್ನು ರಿಸೀವರ್ ಟ್ಯಾಂಕಿಗೆ ಜೋಡಿಸುತ್ತಾರೆ, ಇಲ್ಲವೇ ಹೆಚ್ಚಿನ ಒತ್ತಡ ತಾಳುವ ಪೈಪುಗಳನ್ನೇ ಹಾಕುತ್ತಾರೆ. ಹೊರಚೆಲ್ಲುವ ಇಂಗಾಲದ ಡೈಆಕ್ಸೈಡ್ 5.2 ಬಾರ್‌ಗಿಂತ ಕೆಳಗಿಳಿದಾಗ ಒಣ ಮಂಜುಗಡ್ಡೆಯಾಗಿ ಗಟ್ಟಿಕಟ್ಟುವುದರಿಂದ, ಸುರಕ್ಷತಾ ವಾಲ್ವಿನ ಆಚೆಗೆ ಉದ್ದನೆಯ ಪೈಪು ಎಳೆದರೆ ಅದೇ ಕಟ್ಟಿಕೊಂಡೀತು. ವಾಸನೆಯಿಲ್ಲದ, ಗಾಳಿಗಿಂತ ಭಾರವಾದ ಅನಿಲವಾದ್ದರಿಂದ ಕೋಲ್ಡ್ ರೂಮಿನ ಒಳಗೂ ಯಂತ್ರದ ಕೋಣೆಯಲ್ಲೂ ನೆಲದ ಸಮೀಪ ಸೋರಿಕೆ ಸಂವೇದಕ ಇರಲೇಬೇಕು. ಗಾಳಿಯಲ್ಲಿ ಶೇಕಡಾ 4ರಷ್ಟಾದರೆ ಪ್ರಾಣಾಪಾಯ.

ಪ್ರಶ್ನೆ: ಹೈಡ್ರೋಫ್ಲೋರೋಓಲಿಫಿನ್ ಎಂಬ ಹೊಸ ಅನಿಲಗಳೇ ಕೊನೆಯ ಪರಿಹಾರ ಎಂದು ನಮ್ಮ ಕಾಲೇಜಿನ ಪಾಠದಲ್ಲಿ ಹೇಳಿದರು. ಸರಿಯೇ?

ಉತ್ತರ: ತಾಪನ ಸೂಚ್ಯಂಕವೊಂದನ್ನೇ ನೋಡಿದರೆ ಸರಿ. ಈ ಗುಂಪಿನ ಆರ್-1234ವೈಎಫ್ ವಾತಾವರಣದಲ್ಲಿ ಕೆಲವೇ ದಿನ ಉಳಿಯುತ್ತದೆ, ಆರ್-134ಎ ಸುಮಾರು 14 ವರ್ಷ. ಆದರೆ ಹಾಗೆ ಬೇಗ ಒಡೆಯುವ ಆರ್-1234ವೈಎಫ್ ಬಹುತೇಕ ಪೂರ್ತಿಯಾಗಿ ಟ್ರೈಫ್ಲೋರೋಅಸೆಟಿಕ್ ಆಮ್ಲವಾಗಿ ಮಳೆಯೊಡನೆ ನೆಲಕ್ಕಿಳಿಯುತ್ತದೆ, ಮತ್ತು ಆ ಆಮ್ಲ ನೀರಿನಲ್ಲಿ ಸುಲಭವಾಗಿ ನಾಶವಾಗುವುದಿಲ್ಲ. 2023ರ ಜನವರಿಯಲ್ಲಿ ಯುರೋಪಿನ 5 ದೇಶಗಳು ದೀರ್ಘಕಾಲ ಉಳಿಯುವ ಫ್ಲೋರಿನ್ ಸಂಯುಕ್ತಗಳ ಮೇಲೆ ಮಂಡಿಸಿದ ನಿರ್ಬಂಧದ ಪ್ರಸ್ತಾವದೊಳಗೆ ಈ ಶೀತಕಗಳಲ್ಲಿ ಹಲವು ಬರುತ್ತವೆ. ಫ್ಲೋರಿನ್ ಅನಿಲಗಳ ಒಂದು ಪೀಳಿಗೆಯ ತಪ್ಪನ್ನು ಮುಂದಿನ ಪೀಳಿಗೆ ತಿದ್ದುತ್ತದೆಂದು ಈ ಹಿಂದೆಯೂ ನಂಬಿದ್ದೆವು. ಹಾಗಾಗಿ ನನ್ನ ಒಲವು ಪ್ರಕೃತಿಯಲ್ಲಿ ಮೊದಲಿನಿಂದ ಇರುವ ಪ್ರೊಪೇನ್, ಅಮೋನಿಯಾ, ಇಂಗಾಲದ ಡೈಆಕ್ಸೈಡುಗಳ ಕಡೆಗೆ.

ಪ್ರಶ್ನೆ: ಕೋಲ್ಡ್ ಸ್ಟೋರೇಜ್‌ಗೆ ಅಮೋನಿಯಾ ಈಗಲೂ ಸೂಕ್ತವೇ?

ಉತ್ತರ: ದೊಡ್ಡ ಪ್ರಮಾಣದಲ್ಲಿ ಅದನ್ನು ಮೀರಿಸುವುದು ಕಷ್ಟ. ತಾಪನ ಸೂಚ್ಯಂಕ ಸೊನ್ನೆ, ದಕ್ಷತೆ ಹೆಚ್ಚು, ಗ್ಯಾಸ್ ಅಗ್ಗ. ವಿಷಕಾರಿಯಾದರೂ ಅಪಾಯದ ಮಟ್ಟಕ್ಕೆ ಬಹಳ ಮುಂಚೆಯೇ ಮೂಗಿಗೆ ಬಡಿಯುತ್ತದೆ. ತಾಮ್ರವನ್ನು ತಿನ್ನುವುದರಿಂದ ಉಕ್ಕಿನ ಪೈಪುಗಳೇ ಬೇಕು, ತರಬೇತಾದ ಸಿಬ್ಬಂದಿ ಬೇಕು. ಜನರು ಓಡಾಡುವ ಭಾಗಕ್ಕೆ ಇಂಗಾಲದ ಡೈಆಕ್ಸೈಡನ್ನೋ ತಂಪು ಹೊತ್ತೊಯ್ಯುವ ಗ್ಲೈಕಾಲ್ ದ್ರವವನ್ನೋ ಹರಿಸಿ, ಅಮೋನಿಯಾವನ್ನು ಯಂತ್ರದ ಕೋಣೆಗಷ್ಟೇ ಸೀಮಿತಗೊಳಿಸುವುದು ಇಂದಿನ ಒಳ್ಳೆಯ ಪದ್ಧತಿ.

ಪ್ರಶ್ನೆ: ಗ್ಯಾಸ್ ಪರಿಸರಸ್ನೇಹಿಯಾದರೂ ಯಂತ್ರ ಹೆಚ್ಚು ಕರೆಂಟ್ ತಿಂದರೆ ಏನು ಬಂತು? ಎರಡರಲ್ಲಿ ಯಾವುದಕ್ಕೆ ಹೆಚ್ಚು ತೂಕ ಕೊಡಬೇಕು?

ಉತ್ತರ: ಯಂತ್ರದ ಬಗೆಯನ್ನು ನೋಡಿ ನಿರ್ಧರಿಸಬೇಕು. 300 ಗ್ರಾಂ ಆರ್-404ಎ ಇರುವ ಒಂಟಿ ಫ್ರೀಜರನ್ನು ತೆಗೆದುಕೊಳ್ಳಿ. ಅದರ ಗ್ಯಾಸ್ ಪೂರ್ತಿ ಸೋರಿದರೂ ಆಯುಷ್ಯದಲ್ಲಿ ಒಮ್ಮೆ 1.2 ಟನ್ ಇಂಗಾಲದ ಡೈಆಕ್ಸೈಡಿಗೆ ಸಮ. ಅದು ದಿನಕ್ಕೆ 10 ಯೂನಿಟ್ ವಿದ್ಯುತ್ ಬಳಸುತ್ತದೆ, ಯೂನಿಟ್ಟಿಗೆ ಅರ್ಧ ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ ಎಂದಿಟ್ಟುಕೊಂಡರೆ ವಿದ್ಯುತ್ತಿನ ಬಾಬ್ತು ಪ್ರತಿ ವರ್ಷವೂ 1.8 ಟನ್. ಇಂಥ ಯಂತ್ರದಲ್ಲಿ ವಿದ್ಯುತ್ ಉಳಿಸುವುದೇ ಮೊದಲ ಕೆಲಸ. ಬಾಗಿಲಿನ ರಬ್ಬರ್ ಗ್ಯಾಸ್ಕೆಟ್, ಧೂಳು ಹಿಡಿದ ಕಂಡೆನ್ಸರ್ ಇವುಗಳ ಕಡೆ ಗಮನ ಕೊಡಿ. 200 ಕಿಲೋಗ್ರಾಂ ಗ್ಯಾಸಿನ ಸೂಪರ್ ಮಾರ್ಕೆಟ್‌ನಲ್ಲಿ ದಿನಕ್ಕೆ 1000 ಯೂನಿಟ್ ಖರ್ಚಾದರೆ ವಿದ್ಯುತ್ತಿನಿಂದ ವರ್ಷಕ್ಕೆ ಸುಮಾರು 182 ಟನ್, ಕಾಲು ಭಾಗದ ಸೋರಿಕೆಯಿಂದ 196 ಟನ್. ಅಲ್ಲಿ ಗ್ಯಾಸಿನ ಆಯ್ಕೆ ಮತ್ತು ಸೋರಿಕೆಯ ತಡೆ ವಿದ್ಯುತ್ತಿನಷ್ಟೇ ಮುಖ್ಯ. ತೆರೆದ ಕಪಾಟುಗಳಿಗೆ ಗಾಜಿನ ಬಾಗಿಲು ಹಾಕಿಸಿದರೆ ಹೊಸ ಯಂತ್ರದ ಗಾತ್ರವೂ ಅದಕ್ಕೆ ಬೇಕಾದ ಗ್ಯಾಸೂ ಕಡಿಮೆಯಾಗುತ್ತವೆ. ಆದ್ದರಿಂದ ಯಂತ್ರದ ಆರ್ಡರ್ ಕೊಡುವ ಮುನ್ನ ಬಾಗಿಲು ಹಾಕಿಸಿ, ಆಮೇಲಲ್ಲ.

ಪ್ರಶ್ನೆ: ಹಳೆಯ ಯಂತ್ರ ಗುಜರಿಗೆ ಹಾಕುವಾಗ ಒಳಗಿನ ಗ್ಯಾಸನ್ನು ಗಾಳಿಗೆ ಬಿಡುವುದು ಸಾಮಾನ್ಯವಾಗಿದೆ. ಬೇರೆ ದಾರಿಯಿದೆಯೇ?

ಉತ್ತರ: ಇದೆ. ರಿಕವರಿ ಯಂತ್ರದಿಂದ ಗ್ಯಾಸನ್ನು ಸಿಲಿಂಡರಿಗೆ ಹಿಂದೆಗೆದು, ಶುದ್ಧೀಕರಿಸಿ ಮತ್ತೆ ಬಳಸಬಹುದು. ಬಳಸಲಾಗದ್ದನ್ನು ಹೆಚ್ಚಿನ ಉಷ್ಣತೆಯಲ್ಲಿ ಸುಟ್ಟು ನಾಶಪಡಿಸುವ ಕೇಂದ್ರಗಳಿವೆ. ಸಿಲಿಂಡರನ್ನು ಶೇಕಡಾ 80ಕ್ಕಿಂತ ಹೆಚ್ಚು ತುಂಬಬಾರದು. ಬಿಸಿಗೆ ದ್ರವ ಹಿಗ್ಗಿದರೆ ಸಿಲಿಂಡರ್ ಸಿಡಿಯುತ್ತದೆ. ಎರಡು ಬಗೆಯ ಗ್ಯಾಸನ್ನು ಒಂದೇ ಸಿಲಿಂಡರಿಗೆ ಸೇರಿಸಲೂಬಾರದು, ಬೆರೆತದ್ದನ್ನು ಶುದ್ಧೀಕರಿಸುವವರು ತೆಗೆದುಕೊಳ್ಳುವುದಿಲ್ಲ. ಹಳೆಯ ಯಂತ್ರ ಕಳಚುವ ಗುತ್ತಿಗೆಯ ಪತ್ರದಲ್ಲೇ ‘ಹಿಂದೆಗೆದ ಗ್ಯಾಸಿನ ತೂಕ’ ಎಂದು ಒಂದು ಸಾಲು ಬರೆಸಿ, ಆ ಅಂಕಿ ತುಂಬಿದ ರಸೀದಿ ಕೈಸೇರಿದ ಮೇಲೆಯೇ ಹಣ ಕೊಡಿ.